ಹಿಂದೆ ಯಾರು ಕೂರಬೇಕು

ನನ್ನ ಮಗಳ ತಲೆ ಬಾಚುವ ಕೆಲಸ ನನ್ನ ಕೈತಪ್ಪಿ ಎದುರು ಮನೆಗೆ ಹೋದದ್ದು ಯಾವಾಗ ಎಂದು ಕೇಳಿದರೆ, ಮೊದಲ ಲಾಕ್‌ಡೌನಿನ ಎರಡನೇ ವಾರ ಎಂದು ಥಟ್ಟನೆ ಹೇಳಬಲ್ಲೆ. ಇಂಥದ್ದನ್ನೆಲ್ಲ ನಾನು ಮರೆಯುವವಳಲ್ಲ. ಒಳ್ಳೆಯ ಗುಣ ಎಂದು ಹೇಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ನಾನು ಉಡುಪಿ ಕಡೆಯವಳು, ಮಲೇಶಿಯಾದ ಪೆನಾಂಗಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಗಂಡ ಅದೇ ಊರಿನ ಬಯಾನ್ ಲೆಪಾಸಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕೊರೊನಾ ವಾರ್ಡ್ ತೆರೆದಾಗ ಪಾಠ ಹೇಳುವವರು, ರೋಗಿ ನೋಡುವವರು ಎಂಬ ಭೇದವಿಲ್ಲದೆ ನಮ್ಮನ್ನೆಲ್ಲ ಎಳೆದು ಹಾಕಿದರು. ಗಂಡನಿಗೆ ಉಬ್ಬಸ. ವಾರ್ಡಿನಿಂದ ಏನಾದರೂ ಹೊತ್ತು ತಂದರೆ ಗತಿಯೇನು ಎಂದು ನಾನು ಆಸ್ಪತ್ರೆಯ ಹಾಸ್ಟೆಲಿನಲ್ಲೇ ಉಳಿದೆ. ಒಂದು ತಿಂಗಳು ಎಂದು ಹೋದವಳು, ನಡುನಡುವೆ ನಾಲ್ಕಾರು ದಿನ ಮನೆಗೆ ಬಂದದ್ದು ಬಿಟ್ಟರೆ, ವರ್ಷದ ಹತ್ತಿರ ಅಲ್ಲೇ ಕಳೆದೆ. ಗಂಡನ ಕಾರ್ಖಾನೆ ಮುಚ್ಚಲಿಲ್ಲ. ಪರವಾನಗಿ ಪತ್ರ ಹಿಡಿದು ಬೆಳಿಗ್ಗೆ ಹೋದವರು ಸಂಜೆಗೇ ಬರುತ್ತಿದ್ದದ್ದು. ಹನ್ನೊಂದು ವರ್ಷದ ಮಗಳು ಒಂಬತ್ತನೇ ಮಹಡಿಯಲ್ಲಿ, ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ.

ಆಗ ಕೈಹಿಡಿದವರು ಎದುರು ಬಾಗಿಲಿನ ಧಾರವಾಡದ ಅಕ್ಕ. ಅವರ ಗಂಡ ಕಂಪನಿ ಕೆಲಸಕ್ಕೆ ಎರಡು ವಾರ ತೈವಾನಿಗೆ ಹೋಗಿದ್ದವರು ಗಡಿ ಮುಚ್ಚಿ ಅಲ್ಲೇ ಸಿಕ್ಕಿಬಿದ್ದಿದ್ದರು. ಅಕ್ಕ ನಮ್ಮ ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಕೂಸನ್ನ ನನ್ನ ಕಡೆ ಬಿಟ್ಟು ಹೋಗ್ರಿ ಡಾಕ್ಟ್ರ. ನಾನೂ ಒಬ್ಬಾಕಿನ ಇದ್ದೀನಿ. ಆಕಿಗೆ ನಾ ಜೋಡಿ, ನನಗ ಆಕಿ ಜೋಡಿ."

ಅವತ್ತು ಅವರ ಕಾಲಿಗೆ ಬೀಳುವುದೊಂದು ಬಾಕಿ. ಎರಡು ತಿಂಗಳು ಕಳೆಯುವುದರೊಳಗೆ ಅದೇ ಅಕ್ಕನ ಹೆಸರು ಕೇಳಿದರೆ ನನ್ನ ಮೈಯೆಲ್ಲ ಉರಿಯತೊಡಗಿತ್ತು.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಆಯ್ತಾ ಮಗಾ?" ಅಂದರೆ "ಮಾ, ಆಲ್ರೆಡಿ ಲಾ." ಹನ್ನೊಂದು ವರ್ಷ ನಾನು ಗಿಣಿಗೆ ಹೇಳಿದ ಹಾಗೆ ಹೇಳಿ ಸೋತು ಸುಮ್ಮನಾಗಿದ್ದೆ. ಒಂದು ಸಂಜೆ ಹಾಸ್ಟೆಲಿನಿಂದ ವಿಡಿಯೋ ಕಾಲ್ ಮಾಡಿದೆ. ಫೋನು ಎದುರು ಮನೆಯ ಅಡುಗೆ ಕಟ್ಟೆಯ ಮೇಲೆ ಒರಗಿತ್ತು. ಮಗಳು ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ನನ್ನತ್ತ ತಿರುಗಿಯೂ ನೋಡದೆ ಕೂಗಿದಳು:

"ಆಂಟಿ, ರೊಟ್ಟಿ ಹರೀಲಿಕ್ಕತ್ತದ ನೋಡ್ರಿ!"

"ಸಾವಕಾಶ ಬಡಿಯವ್ವಾ, ಹಿಟ್ಟೇನು ಓಡಿ ಹೋಗೂದಿಲ್ಲ," ಎಂದು ಒಳಗಿನಿಂದ ಉತ್ತರ ಬಂತು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಕನ್ನಡ! ಅದೂ ನನ್ನದಲ್ಲದ ಕನ್ನಡ! ಹೆತ್ತವಳಿಗೆ ಇಂಗ್ಲಿಷು, ಎದುರು ಮನೆಯವರಿಗೆ ರೀ ಹಚ್ಚಿದ ಧಾರವಾಡದ ಮಾತು. "ಚೆನ್ನಾಗಿ ಕಲಿತಿದ್ದೀಯ ಮಗಾ," ಎಂದು ಹಲ್ಲು ಕಿರಿದು ಫೋನಿಟ್ಟೆ. ಆಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತೆ. ಸಂತೋಷಕ್ಕಂತೂ ಅಲ್ಲ.

ಆ ವರ್ಷವೇ ಅವಳು ದೊಡ್ಡವಳಾದಳು. ನನಗೆ ಸುದ್ದಿ ಮುಟ್ಟುವಾಗ ನಾನು ಮೈಮೇಲೆ ಪ್ಲಾಸ್ಟಿಕ್ ನಿಲುವಂಗಿ ತೊಟ್ಟು ವಾರ್ಡಿನಲ್ಲಿದ್ದೆ. ಪಾಳಿ ಮುಗಿಸಿ ಫೋನು ತೆರೆದರೆ ಫೋಟೋ: ಮಗಳು ಚಾಪೆಯ ಮೇಲೆ ಕೂತಿದ್ದಾಳೆ, ಹಣೆಗೆ ಕುಂಕುಮ, ಮುಂದೆ ಆರತಿ ತಟ್ಟೆ, ಕೈಯಲ್ಲಿ ಅಂಟಿನುಂಡೆ. ಕೆಳಗೆ ಅಕ್ಕ ಬರೆದಿದ್ದರು: ಎಲ್ಲಾ ಶಾಸ್ತ್ರ ಮಾಡೀನ್ರಿ, ಚಿಂತಿ ಮಾಡಬ್ಯಾಡ್ರಿ. ನಾನು ಕೈಮುಗಿಯುವ ಚಿತ್ರ ಕಳಿಸಿದೆ. ಅಂಟು ಅವರಿಗೆ ಈ ಊರಲ್ಲಿ ಎಲ್ಲಿ ಸಿಕ್ಕಿತು ಎಂದು ಯೋಚಿಸಿದೆ. ತಪ್ಪು ಹುಡುಕಲು ಬೇರೇನೂ ಇರಲಿಲ್ಲ.

ತಪ್ಪಿಲ್ಲದವರ ಮೇಲಿನ ಹೊಟ್ಟೆಕಿಚ್ಚು ಬಹಳ ಕೆಟ್ಟದ್ದು ಮಾರಾಯರೇ. ಬೈಯುವ ಹಾಗಿಲ್ಲ, ಜಗಳ ಆಡುವ ಹಾಗಿಲ್ಲ. ಮೇಲಿಂದ ಮೇಲೆ ಥ್ಯಾಂಕ್ಸ್ ಹೇಳುತ್ತಿರಬೇಕು.

ನಾನು ಮನೆಗೆ ಮರಳಿದ ಮೇಲೂ ಜಡೆ ಎದುರು ಮನೆಯಲ್ಲೇ. ನಾನು ಮಾಡಿದ ನೀರುದೋಸೆ "ಟೂ ಸಾಫ್ಟ್, ಮಾ." ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದು ಸರಕಾರ ಬಿಟ್ಟಾಗ ಮಗಳು ಒಂದು ಕಾಗದ ಹಿಡಿದು ಬಂದಳು. ಪಕ್ಕದ ಪೆರಾಕ್ ರಾಜ್ಯದ ಉತ್ತರ ತುದಿಯಲ್ಲಿ, ಥಾಯ್ ಗಡಿಯ ಹತ್ತಿರದ ಕಾಡಿನ ನದಿಯಲ್ಲಿ ಮೂರು ದಿನ ದೋಣಿ ಪ್ರಯಾಣ. ಇಬ್ಬರು ಕೂರುವ ಸಣ್ಣ ಕನೂ ದೋಣಿ, ಹುಟ್ಟು ಹಾಕುವುದು ನಾವೇ, ದಾರಿ ತೋರಿಸಲು ಕಾಡಿನವರೇ ಒಬ್ಬರು. ಅಕ್ಕನ ಗಂಡನ ಕೆಲಸ ತೈವಾನಿನಲ್ಲೇ ಕಾಯಂ ಆಗಿತ್ತು. ವರ್ಷದ ಕೊನೆಗೆ ಅಕ್ಕ ಮನೆ ಖಾಲಿ ಮಾಡಿ ಅಲ್ಲಿಗೆ ಹೋಗುವವರಿದ್ದರು.

"ಬಿಫೋರ್ ಆಂಟಿ ಗೋಸ್. ಪ್ಲೀಸ್, ಮಾ," ಎಂದಳು ಮಗಳು.

ಅಂದರೆ ಪ್ರಯಾಣ ಆಂಟಿಗೋಸ್ಕರ. ನಾವು ಗಂಡ ಹೆಂಡತಿ ಜೊತೆಗೆ ಬರಬಹುದು. ಆಯಿತು ಎಂದೆ. ಇನ್ನೆರಡು ತಿಂಗಳಲ್ಲಿ ಇವರು ಹೋಗುತ್ತಾರಲ್ಲ ಎಂಬ ಸಮಾಧಾನ ಒಂದು ಕಡೆ. ಇವರು ಹೋದ ಮೇಲೆ, ಬೇರೆ ಗತಿಯಿಲ್ಲದೆ ಮಗಳು ನನ್ನ ಹತ್ತಿರ ಬರುತ್ತಾಳೆ, ಮಿಕ್ಕಿದ್ದನ್ನು ತಟ್ಟೆಗೆ ಹಾಕಿಕೊಂಡ ಹಾಗೆ, ಎಂಬ ಉರಿ ಇನ್ನೊಂದು ಕಡೆ. ಅವರು ಇರುವಾಗಲೇ, ಅವರ ಎದುರಿಗೇ, ಮಗಳು ಒಮ್ಮೆ ನನ್ನನ್ನು ಆರಿಸಿಕೊಳ್ಳಬೇಕು. ನನಗೆ ಬೇಕಾದದ್ದು ಅದೊಂದೇ.

ಕೊರೊನಾ ಪರೀಕ್ಷೆಗೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ದಾರಿಯ ಮಾಮಕ್ ಹೋಟೆಲಿನಲ್ಲಿ ನಾಲ್ಕು ಪೊಟ್ಟಣ ಅನ್ನ ಕಟ್ಟಿಸಿಕೊಂಡು, ಗೆರಿಕ್ ಪಟ್ಟಣ ದಾಟಿ ಹೋದೆವು. ರಸ್ತೆ ಮುಗಿದಲ್ಲಿ ನದಿ. ಚಹಾದ ಬಣ್ಣದ ನೀರು, ಎರಡೂ ದಡದಲ್ಲಿ ಆಕಾಶ ಮುಚ್ಚುವ ಮರಗಳು. ನಮ್ಮ ಮಾರ್ಗದರ್ಶಿ ಐವತ್ತರ ಹತ್ತಿರದ, ಕಡಿಮೆ ಮಾತಿನ ಮನುಷ್ಯ. ಎಲ್ಲರೂ ಅವರನ್ನು ಅಬಾಂಗ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದರು. ಅವರ ಹೆಂಡತಿ ಇಂಜಿನ್ ದೋಣಿಯಲ್ಲಿ ಸಾಮಾನು, ಅಡುಗೆ ಪಾತ್ರೆ ಹೇರಿಕೊಂಡು ನಮ್ಮ ಹಿಂದೆ ಬರುವುದು.

ಅಬಾಂಗ್‌ಗೆ ಒಂದು ಪದ್ಧತಿ ಇತ್ತು. ಕನೂವಿನಲ್ಲಿ ಮುಂದೆ ಕೂತವರು ಬರೀ ಹುಟ್ಟು ಹಾಕಬೇಕು. ದಿಕ್ಕು ತಿರುಗಿಸುವುದು ಹಿಂದೆ ಕೂತವರು. ಮುಂದಿನವರು ತಿರುಗಿ ನೋಡಬಾರದು, ನೋಡಿದರೆ ದೋಣಿ ಓಲಾಡುತ್ತದೆ. ಆದ್ದರಿಂದ ಬೆಳಿಗ್ಗೆ ಹೊರಡುವ ಮುಂಚೆ ಅವರು ಒಬ್ಬೊಬ್ಬರನ್ನೇ ನೀರಿನ ಅಂಚಿಗೆ ಕರೆದು, ಲೈಫ್ ಜಾಕೆಟಿನ ಪಟ್ಟಿ ಬಿಗಿಯುತ್ತ, ಕಿವಿಯ ಹತ್ತಿರ ಕೇಳುತ್ತಿದ್ದರು: ಯಾರು ನಿನ್ನ ಹಿಂದೆ ಇದ್ದರೆ ನಿನಗೆ ಭಯವಿಲ್ಲ? ಉತ್ತರವನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಎಲ್ಲರದನ್ನೂ ಕೇಳಿ, ಮೈತೂಕ ನೋಡಿ, ಜೋಡಿ ಮಾಡುತ್ತಿದ್ದರು. ಮನೆಯವರ ಎದುರಿಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲವಂತೆ.

ನಾನು ಗಂಡ ಎಂದೆ. ಗಂಡ ಏನು ಹೇಳಿದರೋ, ಕೇಳಿದರೆ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅಬಾಂಗ್ ಸ್ವಲ್ಪ ತಲೆ ಕೆರೆದುಕೊಂಡು ನಮ್ಮಿಬ್ಬರನ್ನು ಒಂದು ದೋಣಿಗೆ ಹಾಕಿ, ಹಿಂದೆ ನನ್ನನ್ನೇ ಕೂರಿಸಿದರು. ಇನ್ನೊಂದಕ್ಕೆ ಮುಂದೆ ಮಗಳು, ಹಿಂದೆ ಅಕ್ಕ. ಅವರು ತಮ್ಮ ದೋಣಿಯಲ್ಲಿ ಒಬ್ಬರೇ ಮುಂದೆ ಹೋದರು.

ಅಕ್ಕ ಸಣ್ಣವರಿದ್ದಾಗ ಬಾವಿಯಲ್ಲಿ ಈಜು ಕಲಿತವರು. ಹುಟ್ಟು ಕೈಗೆ ಸಿಕ್ಕಿ ಹತ್ತು ನಿಮಿಷವಾಗಿರಲಿಲ್ಲ, ದೋಣಿ ಅವರ ಮಾತು ಕೇಳತೊಡಗಿತು. ಬಂಡೆ ಬಂದರೆ ಈ ಕಡೆ, ಮುರಿದ ಮರ ಬಂದರೆ ಆ ಕಡೆ, ಸರಾಗ. ಅಬಾಂಗ್ ಹಿಂತಿರುಗಿ ನೋಡಿ ಹೆಬ್ಬೆರಳು ಎತ್ತಿದರು.

"ರೊಟ್ಟಿ ಬಡದ ಕೈ ರೀ ಇವು, ಹುಟ್ಟೇನು ದೊಡ್ಡ ಮಾತು!" ಎಂದು ಅಕ್ಕ ನನ್ನತ್ತ ಕೂಗಿದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇತ್ತ ಕಡಲ ಕರೆಯವಳಾದ ನಾನು ದೋಣಿಯನ್ನು ಮೂರು ಸಲ ಪೊದೆಗೆ ನುಗ್ಗಿಸಿದೆ.

"ಎಂಥ ಮಾರಾಯ್ತಿ, ನೀನು ದೋಣಿ ಎಲ್ಲಿ ಹೋಗ್ತದೆ ನೋಡು. ಅವರ ದೋಣಿ ಎಂಥಕ್ಕೆ ನೋಡ್ತಿ?" ಎಂದರು ಗಂಡ, ಮೈಮೇಲಿನ ಎಲೆ ಕೊಡವುತ್ತ.

"ನಾನೆಲ್ಲಿ ನೋಡಿದೆ?"

"ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಇದ್ದಿ ನೀನು."

ಹೌದು, ನೋಡುತ್ತಿದ್ದೆ. ಮುಂದೆ ಒಂದು ಜಡೆ ಆಡುತ್ತಿತ್ತು, ಅಕ್ಕ ಹಾಕಿದ ಜಡೆ. ಮಗಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅಷ್ಟು ನಂಬಿಕೆ! ತಲೆಯ ಮೇಲೆ ಮಂಗಟ್ಟೆ ಹಕ್ಕಿಗಳ ಜೋಡಿ ರೆಕ್ಕೆ ಸದ್ದು ಮಾಡುತ್ತ ಹಾರಿಹೋಯಿತಂತೆ, ಮರಳ ದಂಡೆಯಲ್ಲಿ ಆನೆಯ ಹೆಜ್ಜೆಗಳಿದ್ದವಂತೆ. ಗಂಡ ಆಮೇಲೆ ಹೇಳಿ ನನಗೆ ಗೊತ್ತಾದದ್ದು.

ಎರಡನೇ ದಿನವೂ ಅದೇ ಜೋಡಿ. ಸಂಜೆ ದೋಣಿಗಳನ್ನು ದಡಕ್ಕೆಳೆಯುವಾಗ ನಾನೂ ಗಂಡನೂ ಸೇರಿ ನಮ್ಮದನ್ನು ಅರ್ಧ ಎಳೆದು ಏದುಸಿರು ಬಿಡುತ್ತಿದ್ದೆವು. ಅಕ್ಕ ತಮ್ಮದನ್ನು ಒಬ್ಬರೇ ಎಳೆದಿಟ್ಟು ನಮ್ಮದಕ್ಕೂ ಕೈ ಹಚ್ಚಿದರು. ಮಗಳ ಕಾಲಿಗೆ ಇಂಬಳ ಹತ್ತಿದಾಗ ಅವಳು ಕಾಲು ಚಾಚಿದ್ದು ಅವರ ಮುಂದೆ. ಪಕ್ಕದಲ್ಲೇ ಒಬ್ಬಳು ಎಂ.ಡಿ. ಮಾಡಿದವಳು ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದಳು!

ಮೂರನೇ ದಿನ ಜೆರಾಮ್ ಇತ್ತು. ನದಿ ಕಿರಿದಾಗಿ, ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಜಾಗ. ಇಡೀ ಪ್ರಯಾಣದಲ್ಲಿ ಅಕ್ಕ ಕಾಯುತ್ತಿದ್ದದ್ದು ಅದಕ್ಕೆ. ಎರಡು ದಿನದಿಂದ "ನಾಳೆ ಜೆರಾಮ್ ಏನ್ರೀ?" ಎಂದು ಅಬಾಂಗ್‌ರನ್ನು ಕನ್ನಡದಲ್ಲೇ ಕೇಳುತ್ತಿದ್ದರು. ಇಂಜಿನ್ ದೋಣಿ ಅಲ್ಲಿ ಇಳಿಯುವುದಿಲ್ಲ. ಅದು ಒಂದು ದ್ವೀಪದ ಆಚೆಯ ನಿಧಾನದ ಕವಲಿನಲ್ಲಿ ಬಳಸಿ ಬರುತ್ತದೆ. ಬೆನ್ನು ಹಿಡಿದಿದ್ದ ನನ್ನ ಗಂಡ ತಾನು ಸಾಮಾನಿನ ಜೊತೆ ಅದರಲ್ಲೇ ಬರುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದರು.

ಬೆಳಿಗ್ಗೆ ಅಬಾಂಗ್ ಮತ್ತೆ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಮಗಳ ಸರದಿ ಬಂದಾಗ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹತ್ತಿರವೇ ಇದ್ದೆ. ಮಾತು ಕೇಳಿಸಲಿಲ್ಲ. ಆದರೆ ಕಂಡಿತು. ಅವಳು ಅಕ್ಕನ ಕಡೆ ಒಮ್ಮೆ ಓರೆಗಣ್ಣಿನಲ್ಲಿ ನೋಡಿ, ಅಬಾಂಗ್ ಕಿವಿಯಲ್ಲಿ ಪಿಸುಗುಟ್ಟಿದಳು. ಮುಗಿಯಿತು. ಕೊನೆಯ ದಿನವೂ ಅವರೇ. ತಾಯಿಯ ಹೆಸರು ಬಾಯಿಗೆ ಬರಲಿಲ್ಲ ಹುಡುಗಿಗೆ.

ಆಮೇಲೆ ನಾನು ಮಾಡಿದ್ದನ್ನು ಯಾವ ಬಾಯಲ್ಲಿ ಹೇಳಲಿ! ಆ ಎರಡು ವರ್ಷ ಡಾಕ್ಟರ ಮಾತಿಗೆ ಎಲ್ಲಿಲ್ಲದ ಬೆಲೆ ಇತ್ತು. ನಾವು ಬೇಡ ಎಂದರೆ ಮದುವೆ ನಿಲ್ಲುತ್ತಿತ್ತು, ಹೆಣ ನೋಡುವುದೂ ನಿಲ್ಲುತ್ತಿತ್ತು. ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಆ ರುಚಿ ನನಗೆ ಹತ್ತಿತ್ತೋ ಏನೋ. ನಾನು ಅಬಾಂಗ್ ಹತ್ತಿರ ಹೋಗಿ, ವಾರ್ಡಿನಲ್ಲಿ ಮಾತಾಡುವ ಅದೇ ತಣ್ಣನೆಯ ದನಿಯಲ್ಲಿ ಹೇಳಿದೆ: ಆಂಟಿಯ ಬಲ ಭುಜದಲ್ಲಿ ಹಳೆಯ ಪೆಟ್ಟಿದೆ. ರಭಸದ ನೀರಿನಲ್ಲಿ ಭುಜ ಕಳಚಬಹುದು. ಡಾಕ್ಟರಾಗಿ ನಾನು ಒಪ್ಪಲಾರೆ.

ಅಬಾಂಗ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ನಂತರ "ಓಕೆ, ಡಾಕ್ಟರ್," ಎಂದು ಎಲ್ಲರನ್ನೂ ಕರೆದು ಹೇಳಿದರು. ಭುಜ ನೋವಿರುವುದರಿಂದ ಆಂಟಿ ಸಾಮಾನಿನ ದೋಣಿಗೆ, ಅಲ್ಲಿ ಒಬ್ಬರಿಗಷ್ಟೇ ಜಾಗ, ಹಾಗಾಗಿ ಡಾಕ್ಟರ ಗಂಡ ಅಬಾಂಗ್ ದೋಣಿಯ ಮುಂದೆ, ಮಗಳ ಹಿಂದೆ ಡಾಕ್ಟರ್.

"ಅಯ್ಯೋ ದೇವ್ರೇ, ನನ್ನನ್ನು ಎಂಥಕ್ಕೆ?" ಎಂದು ಗಂಡ ಕೂಗಿಕೊಂಡರು.

ಅಕ್ಕ ಹುಬ್ಬು ಮೇಲೇರಿಸಿ ಅಬಾಂಗ್‌ರನ್ನು ನೋಡಿದರು, ಆಮೇಲೆ ನನ್ನನ್ನು. ನಾನು ನನ್ನ ಚಪ್ಪಲಿಯ ಪಟ್ಟಿ ನೋಡುತ್ತಿದ್ದೆ.

"ಆಂಟಿ, ನಿಮ್ಮ ಭುಜಕ್ಕ ಏನಾತ್ರೀ?" ಎಂದು ಮಗಳು ಗಾಬರಿಯಿಂದ ಅವರತ್ತ ಓಡಿದಳು.

"ಏನಿಲ್ಲವ್ವಾ, ಹಳೇದ ನೋವು. ಡಾಕ್ಟ್ರಿಗೆ ಹೇಳಿದ್ದೆ. ಸಾಕಿತ್, ಅಬಾಂಗ್, ಸಾಕಿತ್," ಎಂದರು ಅಕ್ಕ. ಸಾಕಿತ್ ಎಂದರೆ ಮಲಯ್‌ನಲ್ಲಿ ನೋವು. ಹೇಳುತ್ತ ಭುಜ ಉಜ್ಜಿಕೊಂಡರು. ಎಡ ಭುಜ. ಲೈಫ್ ಜಾಕೆಟ್ ತಾವೇ ಬಿಚ್ಚಿ ಮಡಚಿ ಇಟ್ಟು, ಅಕ್ಕಿ ಚೀಲಕ್ಕೂ ಬಾಣಲೆಗೂ ನಡುವೆ ಹೋಗಿ ಕೂತರು.

ಜೆರಾಮಿನ ಬಗ್ಗೆ ಹೆಚ್ಚು ಹೇಳಲು ನನಗೆ ನಾಲಗೆ ಬರುವುದಿಲ್ಲ. ನೀರಿನ ಸದ್ದು ಮೊದಲು ಬಂತು, ಆಮೇಲೆ ನೊರೆ ಕಂಡಿತು. ದೋಣಿಯ ಮೂಗು ಕೆಳಗಾದಾಗ ನಾನು "ಎಡಕ್ಕೆ! ಎಡಕ್ಕೆ ಮಗಾ!" ಎಂದು ಕಿರುಚಿದೆ. ಅವಳು ಎಡಕ್ಕೆ ಹಾಕಿದಳು. "ಬಲ!" ಎಂದೆ. ಬಲಕ್ಕೆ ಹಾಕಿದಳು. ಒಂದು ಸಲ ದೋಣಿ ಪೂರ್ತಿ ಅಡ್ಡವಾಗಿ ತೊಡೆಯವರೆಗೆ ನೀರು ತುಂಬಿತು. ಆಗಲೂ ಆ ಜಡೆ ಹಿಂದೆ ತಿರುಗಲಿಲ್ಲ. ನಾನು ಹುಟ್ಟನ್ನು ನೀರಿನೊಳಗೆ ಒತ್ತಿ ಹಿಡಿದು, ದೇವರ ಹೆಸರನ್ನೂ ಬೈಗುಳವನ್ನೂ ಒಟ್ಟಿಗೆ ಹೇಳುತ್ತ ದೋಣಿಯನ್ನು ನೇರ ಮಾಡಿದೆ. ಕೆಳಗಿನ ನಿಶ್ಚಲ ನೀರಿಗೆ ಬಂದು ಬಿದ್ದೆವು.

ಅಲ್ಲಿ ಅವಳು ತಿರುಗಿದಳು. ಮುಖದ ತುಂಬ ನೀರು.

"ಅಮ್ಮಾ! ಭಾಳ ಚಲೋ ಮಾಡಿದಿ!"

ಹನ್ನೆರಡು ವರ್ಷದಲ್ಲಿ ಅವಳು ನನಗೆ ಕನ್ನಡದಲ್ಲಿ ಹೇಳಿದ ಮೊದಲ ಇಡೀ ಮಾತು. ಧಾರವಾಡದ್ದಾದರೇನು, ನನಗೇ ಹೇಳಿದ್ದು. ನಾನು ಗೆದ್ದೆ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಗೆದ್ದೆ ಎಂದು.

ದಡದಲ್ಲಿ ಸಾಮಾನಿನ ದೋಣಿ ಇನ್ನೂ ಬಂದಿರಲಿಲ್ಲ. ಗಂಡ ಬಂಡೆಯ ಮೇಲೆ ಕೂತು ಶೂವಿನಿಂದ ನೀರು ಬಸಿಯುತ್ತಿದ್ದರು. ಅಬಾಂಗ್ ಹುಟ್ಟುಗಳನ್ನು ಒಟ್ಟು ಮಾಡುತ್ತ ನನ್ನ ಹತ್ತಿರ ಬಂದು ನಿಂತರು. ಅವರ ಮಲಯ್ ಇಂಗ್ಲಿಷ್ ಬೆರಕೆಯನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ:

"ಡಾಕ್ಟರ್, ಬೆಳಿಗ್ಗೆ ನಿಮ್ಮ ಮಗಳು ನಿಮ್ಮನ್ನೇ ಕೇಳಿದ್ದು. ಇವತ್ತು ದೊಡ್ಡ ನೀರು, ಅಮ್ಮ ಹಿಂದೆ ಇರಲಿ ಎಂದಳು. ಆಂಟಿಗೆ ಹೇಳಬೇಡಿ, ಬೇಜಾರಾಗುತ್ತದೆ ಎಂದಳು."

ನನ್ನ ಕೈಯಲ್ಲಿದ್ದ ಹುಟ್ಟನ್ನೂ ಅವರೇ ತೆಗೆದುಕೊಂಡರು.

"ಆಂಟಿಯನ್ನು ನನ್ನ ದೋಣಿಯ ಮುಂದೆ ಕೂರಿಸಿಕೊಳ್ಳುವುದು ಅಂತಿದ್ದೆ. ಒಳ್ಳೆಯ ಕೈ ಅವರದ್ದು. ಆದರೆ ನೀವು ಡಾಕ್ಟರ್. ಡಾಕ್ಟರ್ ಬೇಡ ಎಂದ ಮೇಲೆ ನಾನು ಯಾರನ್ನೂ ನೀರಿಗೆ ಇಳಿಸುವುದಿಲ್ಲ." ಹುಟ್ಟುಗಳನ್ನು ಹೆಗಲಿಗೇರಿಸಿಕೊಂಡು ಅವರು ಮತ್ತೊಂದು ಮಾತು ಹೇಳಿದರು. "ನೀವು ಹೇಳಿದ್ದು ಬಲ ಭುಜ, ಅಲ್ವಾ?"

ನಾನು ಕೇಳದೆಯೇ ಅದು ನನಗೆ ಸಿಕ್ಕಿತ್ತು. ಕದಿಯಲು ಹೋಗಿ ನನ್ನ ಮನೆಯ ಬೀಗವನ್ನೇ ಒಡೆದಿದ್ದೆ. ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಪಾತ್ರೆ ತೊಳೆದಿದ್ದರೆ ಸಾಕಿತ್ತು.

ಸಾಮಾನಿನ ದೋಣಿ ಬಂತು. ಮಗಳು ಮೊಣಕಾಲು ನೀರಿಗೆ ಓಡಿ, ಅಕ್ಕನ ಕೈ ಹಿಡಿದು ಇಳಿಸಿ, ಒಂದೇ ಉಸಿರಿಗೆ ಜೆರಾಮಿನ ಕತೆ ಹೇಳತೊಡಗಿದಳು. ಅಕ್ಕ ಬಾಯಿ ಬಿಟ್ಟುಕೊಂಡು ಎಲ್ಲ ಕೇಳಿದರು, "ಹೌದಾ! ಅಯ್ಯಯ್ಯ! ಆಮ್ಯಾಲ?" ಎಂದು ನಡುನಡುವೆ ಕೇಳುತ್ತ. ತಾವು ಕಾಣದ ನೀರಿನ ಕತೆ. ಅವಳು ಬಟ್ಟೆ ಬದಲಿಸಲು ಹೋದಾಗ ನಾವಿಬ್ಬರೇ ಉಳಿದೆವು.

"ಅಕ್ಕಾ," ಎಂದೆ.

ಅಕ್ಕ ಒದ್ದೆಯಾದ ಚೂಡಿದಾರದ ತುದಿ ಹಿಂಡುತ್ತ ನನ್ನ ಮುಖ ನೋಡದೆ ಹೇಳಿದರು:

"ಆಕಿ ಹಿಂದ ಕೂಡೂ ಆಸೆ ಇದ್ದರ ನನಗ ಒಂದ್ ಮಾತು ಹೇಳಬೇಕಿಲ್ಲೋ ಡಾಕ್ಟ್ರ? ನಾ ಏನ್ ಬ್ಯಾಡ ಅಂತಿದ್ನೇನು?"

"ತಪ್ಪಾಯ್ತು ಅಕ್ಕ. ಹೊಟ್ಟೆಗೆ ಹಾಕ್ಕೊಳ್ಳಿ."

"ಹೋಗ್ಲಿ ಬಿಡ್ರಿ." ಅವರ ಕಣ್ಣು ಮೇಲ್ಗಡೆ, ನಾವು ಇಳಿದು ಬಂದ ಬಿಳಿ ನೀರಿನ ಮೇಲಿತ್ತು. "ಕೂಸಿಗೆ ಮಾತ್ರ ಹೇಳಬ್ಯಾಡ್ರಿ. ಆಕಿ ಕಣ್ಣಾಗ ನೀವು ಸಣ್ಣಾವರು ಆಗೂದು ಬ್ಯಾಡ."

ವರ್ಷದ ಕೊನೆಗೆ ಅವರು ಹೋದರು. ಎದುರು ಬಾಗಿಲಿಗೆ ಬೇರೆ ಯಾರೋ ಬಂದರು. ಮಗಳ ಜಡೆ ಈಗ ನಾನೇ ಹಾಕುತ್ತೇನೆ, ಅವಳು ನನ್ನ ಹತ್ತಿರ ಅರ್ಧಂಬರ್ಧ ಕನ್ನಡ ಮಾತಾಡುತ್ತಾಳೆ. ನಾನು ಬಯಸಿದ್ದೆಲ್ಲ ಮನೆಗೆ ಬಂದಿದೆ. ಭಾನುವಾರ ಮಾತ್ರ ತೈವಾನಿನಿಂದ ವಿಡಿಯೋ ಕಾಲ್ ಬರುತ್ತದೆ.

"ಆಂಟಿ, ಭುಜ ಹ್ಯಾಂಗದ ರೀ ಈಗ?" ಎಂದು ಮಗಳು ಪ್ರತಿ ಸಲ ಮೊದಲು ಕೇಳುವುದು ಅದನ್ನೇ.

"ಆರಾಮ್ ಅದವ್ವಾ. ನಿಮ್ಮಮ್ಮ ಅವತ್ತ ಗುರ್ತು ಹಿಡಿದ್ರಲ್ಲ, ಅದಕ್ಕ ಉಳೀತು," ಎನ್ನುತ್ತಾರೆ ಅಕ್ಕ. ಹಾಗೆನ್ನುತ್ತ ಭುಜ ಉಜ್ಜಿಕೊಳ್ಳುತ್ತಾರೆ, ಒಂದು ವಾರ ಬಲ, ಒಂದು ವಾರ ಎಡ.

ಮಗಳು ನನ್ನ ಕಡೆ ತಿರುಗಿ ಹೆಮ್ಮೆಯಿಂದ ನಗುತ್ತಾಳೆ.